ಹಾಲವ್ವನ ಕಾಲಿನ ಉಣ್ಣಿ

“ನಿಮ್ಮ ಆ ಚಾಳಿನ ಮನೆಯಿಂದಲೇ ಬಂದದ್ದು ಈ ಉಣ್ಣಿ. ಎಂತ ಗಲೀಜು ಮಾರಾಯ್ತಿ ನೀನು. ಕೂದಲು ಬಿಚ್ಚು.”

ಬಾಲ್ಕನಿಯಲ್ಲಿ ಹಾಸಿದ ಪೇಪರಿನ ಮೇಲೆ ನಿಂತು ಜಡೆ ಬಿಚ್ಚಿದೆ. ನಿಶಾ ಮೇಡಂ ಬಾಚಣಿಗೆಯನ್ನು ನನ್ನ ಕಡೆ ಎಸೆದು ದೂರ ಸರಿದರು. ಬಾಚಿದೆ. ದುಪಟ್ಟಾ ಕೊಡವಿದೆ. ಪೇಪರಿನ ಮೇಲೆ ನಾಲ್ಕು ಕೂದಲು ಬಿದ್ದವು, ಉಣ್ಣಿ ಬೀಳಲಿಲ್ಲ. ಅವರ ನಾಯಿ ಕೋಕೋ ಸೋಫಾದ ಮೇಲೆ ಕಿವಿ ಕೆರೆದುಕೊಳ್ಳುತ್ತಿತ್ತು. ಆ ಕಿವಿಯಲ್ಲಿ ಮೂರು ಇದ್ದವು.

ಗ್ರಾಂಟ್ ರೋಡಿನಲ್ಲಿ ಅವರ ಹೋಟೆಲ್, ವಿಕ್ರೋಳಿಯಲ್ಲಿ ಹದಿನಾಲ್ಕನೇ ಮಹಡಿಯ ಈ ಮನೆ. ಕನ್ನಡದ ಹುಡುಗಿ ಎಂದು ಕೋಕೋನನ್ನು ನೋಡಿಕೊಳ್ಳಲು ನನ್ನನ್ನು ಇಟ್ಟುಕೊಂಡಿದ್ದರು. ನನ್ನವ್ವ ಹಾಲವ್ವ ಅದೇ ಬಿಲ್ಡಿಂಗಿನ ಹಿಂದಿನ ಇಳಿಜಾರಿನಲ್ಲಿ ಹುಲ್ಲು ಕೊಯ್ಯುತ್ತಿದ್ದಳು. ಕೋಕೋ ದಿನಾ ಹೊರಳಾಡುವುದು ಆ ಹುಲ್ಲಿನಲ್ಲೇ. ಪೇಪರು ಮಡಚಿ ಕಸಕ್ಕೆ ಹಾಕಿದೆ.

ಸಂಜೆ ನಾಯಿ ಡಾಕ್ಟರು ಮನೆಗೇ ಬಂದು ಉಣ್ಣಿ ಕೀಳುವುದನ್ನು ನನಗೆ ಕಲಿಸಿದರು. ಎಣ್ಣೆ ಹಚ್ಚಬಾರದು, ಬೆಂಕಿ ತಾಗಿಸಬಾರದು. ಚಿಮಟದ ತುದಿಯನ್ನು ಚರ್ಮಕ್ಕೆ ಒತ್ತಿ ತಲೆಯ ಬುಡದಲ್ಲಿ ಹಿಡಿದು, ತಿರುಚದೆ, ನೆಟ್ಟಗೆ ನಿಧಾನವಾಗಿ ಎಳೆಯಬೇಕು. ಉಗುರಲ್ಲಿ ಕುಕ್ಕಬಾರದು. ಕಚ್ಚಿದ ಜಾಗವನ್ನೂ ಕೈಯನ್ನೂ ಸೋಪು ಹಾಕಿ ತೊಳೆಯಬೇಕು. ಉಣ್ಣಿಯನ್ನು ಡಬ್ಬಿಗೆ ಹಾಕಿ ತಾರೀಖು ಬರೆದಿಡಬೇಕು. ಇದರ ಜ್ವರ ಮನುಷ್ಯರಿಗೂ ಬರುತ್ತದೆ, ಬೇಗ ಗೊತ್ತಾದರೆ ಮಾತ್ರೆ ಇದೆ, ತಡವಾದರೆ ಜೀವ ಹೋಗಬಹುದು ಎಂದು ಮೇಡಂಗೆ ಹೇಳಿದರು. ಮೇಡಂ ತಮ್ಮ ಕಾಲು ನೋಡಿಕೊಂಡರು.

ಆ ಡಬ್ಬಿ ಹಿಡಿದು ಲೋಕಲ್‌ನಲ್ಲಿ ದಾದರಿನ ಲ್ಯಾಬಿಗೆ ಹೋದವಳು ನಾನೇ. ಎರಡು ದಿನಕ್ಕೆ ಮೇಡಂ ಫೋನಿಗೆ ರಿಪೋರ್ಟ್ ಬಂತು. ಕೋಕೋಗೆ ಮಾತ್ರೆ ಶುರುವಾಯಿತು. ಚೀಸಿನಲ್ಲಿ ಸುತ್ತಿ ತಿನ್ನಿಸುತ್ತಿದ್ದೆ.

ಆ ವಾರವೇ ಅವ್ವನ ಮೊಣಕಾಲಿನ ಹಿಂದೆ ಒಂದು ಉಣ್ಣಿ ಕಂಡಿತು. ಹುರುಳಿಕಾಳಿನಷ್ಟು ಉಬ್ಬಿತ್ತು.

“ಊದಿನಕಡ್ಡಿ ಹಚ್ಚಿ ಚುರ್ ಅನಸಬೇ. ಊರಾಗ ಎಮ್ಮಿಗೆ ಹಂಗ ಮಾಡ್ತಿದ್ವಿ,” ಎಂದಳು ಅವ್ವ.

“ಸುಮ್ಕ ಮಕ್ಕೊ. ಕೋಕೋಗ ಹಂಗ ಮಾಡಂಗಿಲ್ಲ.”

“ಹಂಗಾರ ನಂಗೂ ಬ್ಯಾಡ. ನಾ ಏನ್ ಕೋಕೋಗಿಂತ ಕಡಿಮಿ?” ಎಂದು ನಕ್ಕಳು.

ಮೇಡಂ ಮನೆಯ ಚಿಮಟವನ್ನು ದುಪಟ್ಟಾದ ತುದಿಗೆ ಕಟ್ಟಿ ತಂದಿದ್ದೆ. ಉಣ್ಣಿ ತಲೆ ಸಮೇತ ಬಂತು. ತೊಳೆದ ಕುಂಕುಮದ ಡಬ್ಬಿಯಲ್ಲಿ ಹಾಕಿ ತಾರೀಖು ಬರೆದೆ.

ಆರನೇ ದಿನ ಅವ್ವನಿಗೆ ಜ್ವರ ಹತ್ತಿತು. ಹುಲ್ಲಿನ ನಡುವೆ ಕುಸಿದು ಕೂತವಳನ್ನು ಕೂಲಿಗಳ ಮೇಸ್ತ್ರಿ, ಮುಕಾದಮ ದಾನಪ್ಪ ಬೂಟುಗಾಲಿನಿಂದ ತಿವಿದ.

“ಏಳ್ಲೇ ರಂಡಿ. ಹುಲ್ಲ ನಿಮ್ಮಪ್ಪ ಬಂದು ಕೊಯ್ತಾನೇನು?”

ಅವ್ವ ಎದ್ದು ಕೊಯ್ದಳು. ಮರುದಿನ ಏಳಲಾಗಲಿಲ್ಲ.

ಸರಕಾರಿ ಆಸ್ಪತ್ರೆಯಲ್ಲಿ ಡಾಕ್ಟರು ತಲೆ ಎತ್ತಲಿಲ್ಲ. ಕುಂಕುಮದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟೆ. ಪೆನ್ನಿನ ತುದಿಯಿಂದ ಅದನ್ನು ಆಚೆ ತಳ್ಳಿ, ನಾಯಿ ಡಾಕ್ಟರ ಹತ್ತಿರ ತೆಗೆದುಕೊಂಡು ಹೋಗು ಎಂದು ಹಿಂದಿಯಲ್ಲಿ ಹೇಳಿದರು. ಸಾಲಿನಲ್ಲಿದ್ದವರು ನಕ್ಕರು. ಜ್ವರದ ಮಾತ್ರೆ ಬರೆದುಕೊಟ್ಟರು. ಅದಕ್ಕೆ ಜ್ವರ ಇಳಿಯಲಿಲ್ಲ. ಮೂರನೇ ದಿನ ಅವ್ವನ ಅಂಗೈ, ಅಂಗಾಲುಗಳಲ್ಲಿ ಕೆಂಪು ಚುಕ್ಕೆ ಎದ್ದವು.

ನಾನು ಡಬ್ಬಿ ಹಿಡಿದು ದಾದರಿಗೆ ಹೋದೆ. ಲ್ಯಾಬಿನ ಹುಡುಗಿ, ಇಲ್ಲಿ ಪ್ರಾಣಿಗಳದ್ದು ಮಾತ್ರ ನೋಡುವುದು ಎಂದು ಫಾರಂ ಕೊಟ್ಟಳು. ಐದನೆಯ ತರಗತಿಗೇ ಶಾಲೆ ಬಿಟ್ಟರೂ ಅಷ್ಟು ತುಂಬಲು ನನಗೆ ಬರುತ್ತದೆ. ಹೆಸರು: ಹಾಲವ್ವ. ಪ್ರಾಣಿ: ನಾಯಿ. ತಳಿ: ದೇಸಿ. ಮಾಲೀಕರು ಎಂಬಲ್ಲಿ ಪೆನ್ನು ನಿಂತಿತು. ಅವರಲ್ಲಿ ಮೊದಲೇ ಬರೆದಿಟ್ಟ ಮಾಲೀಕರ ನಂಬರಿಗೆ ಮಾತ್ರ ರಿಪೋರ್ಟ್ ಕಳಿಸುತ್ತಾರಂತೆ. ನಿಶಾ ಮೇಡಂ ಹೆಸರು ಬರೆದೆ. ಹುಡುಗಿ ಫಾರಂ ಓದಿ, ನಾಯಿಗೆ ಮುದ್ದಾದ ಹೆಸರಿಟ್ಟಿದ್ದೀರಿ ಎಂದಳು.

ಎರಡು ದಿನದ ಮೇಲೆ ಮೇಡಂ ಫೋನನ್ನು ನನ್ನ ಮುಖದೆದುರು ಹಿಡಿದರು.

“ಯಾರಿದು ಹಾಲವ್ವ? ಪಾಸಿಟಿವ್ ಅಂತೆ. ನನ್ನ ಹೆಸರಲ್ಲಿ ಯಾವ ಬೀದಿನಾಯಿ ಟೆಸ್ಟ್ ಮಾಡಿಸಿದ್ದು ನೀನು?”

“ನಮ್ಮವ್ವ ರೀ.”

ಮೇಡಂ ಫೋನ್ ತಿರುಗಿಸಿ ರಿಪೋರ್ಟನ್ನು ಮತ್ತೊಮ್ಮೆ ಓದಿದರು.

“ಹೆತ್ತ ತಾಯಿಯನ್ನು ನಾಯಿ ಅಂತ ಬರ್ದಿದ್ದಾ? ನಾಚಿಕೆ ಆಗುದಿಲ್ವಾ ನಿಂಗೆ?”

“ಮನಶ್ಯಾಳಂತ ಹೇಳಿದಾಗ ಯಾರೂ ನೋಡಲಿಲ್ರಿ.”

ಅವರ ಕೈಯಿಂದ ಫೋನ್ ತೆಗೆದುಕೊಂಡು ರಿಪೋರ್ಟನ್ನು ನನ್ನ ನಂಬರಿಗೆ ಕಳಿಸಿಕೊಂಡೆ. ಫೋನನ್ನು ಕೋಕೋ ಪಕ್ಕದಲ್ಲಿಟ್ಟೆ. ಚೋರ್ ಎಂದು ಅವರು ವಾಚ್‌ಮನ್‌ನನ್ನು ಕರೆಯುವಷ್ಟರಲ್ಲಿ ಮೆಟ್ಟಿಲಿಳಿಯುತ್ತಿದ್ದೆ.

ಅವ್ವನಿಗೆ ಆಗಲೇ ನನ್ನ ಗುರುತು ಹತ್ತುತ್ತಿರಲಿಲ್ಲ. ಎಮ್ಮಿ ಹೊಡಿ, ಎಮ್ಮಿ ಹೊಡಿ ಎನ್ನುತ್ತಿದ್ದಳು. ರಿಕ್ಷಾದಲ್ಲಿ ಒರಗಿಸಿಕೊಂಡು ಅದೇ ಸರಕಾರಿ ಆಸ್ಪತ್ರೆಗೆ ಕರೆದೊಯ್ದೆ. ದಾರಿಯಲ್ಲಿ ರಿಪೋರ್ಟಿನ ಪ್ರಿಂಟ್ ತೆಗೆಸಿದೆ.

ಅದೇ ಡಾಕ್ಟರು. ಕಾಗದದ ಮೇಲೆ ಕಣ್ಣಾಡಿಸಿ, ಇದು ನಾಯಿಯದ್ದು, ನೆಕ್ಸ್ಟ್ ಎಂದರು.

ನಾನು ಹೋಗಿ ಬಾಗಿಲ ಚಿಲಕ ಹಾಕಿದೆ.

ಅವ್ವನನ್ನು ಅವರೆದುರಿನ ಸ್ಟೂಲಿನ ಮೇಲೆ ಕೂರಿಸಿ, ಎರಡೂ ಅಂಗೈಗಳನ್ನು ಮೇಲೆ ಮಾಡಿ ಆ ಕಾಗದದ ಮೇಲಿಟ್ಟು ಒತ್ತಿ ಹಿಡಿದೆ. ಸುಡುತ್ತಿದ್ದವು. ಚುಕ್ಕೆಗಳು ಈಗ ಮುಂಗೈತನಕ ಹತ್ತಿದ್ದವು. ಹೊರಗೆ ಬಾಗಿಲು ಬಡಿಯತೊಡಗಿದರು. ಕೈ ತೆಗೆ ಎಂದರು ಡಾಕ್ಟರು.

ತೆಗೆಯಲಿಲ್ಲ. ಅವರ ಪೆನ್ನೂ ಅವ್ವನ ಕೈಯಡಿಗೇ ಸಿಕ್ಕಿಕೊಂಡಿತ್ತು. ಬೇಕಾದರೆ ಅವರು ಆ ಕೈ ಮುಟ್ಟಲೇಬೇಕಿತ್ತು.