ಎರಡು ಬೆರಳು ಕೆಳಗೆ

ಸೈಕಲ್ಲಿನ ನೆರಳು ಎಡಗಡೆ ಓಡುತ್ತಿದೆ, ತನಗಿಂತ ಸಲೀಸಾಗಿ, ಛೀ, ಬೆನ್ನು ಇನ್ನೂ ಗೂನಾಗಿಯೇ ಇದೆಯಲ್ಲ, ಇಸ್ತ್ರಿ ಮೇಜಿನ ಹಾಗೆ ಮಟ್ಟವಾಗಬೇಕಿತ್ತು, ಬಗ್ಗು, ಇನ್ನೂ ಬಗ್ಗು, ಗಾಳಿಗೆ ಮೈ ಕಡಿಮೆ ಸಿಕ್ಕಷ್ಟೂ ಲಾಭ — ಇಪ್ಪತ್ತು ಕಿಲೋಮೀಟರು, ಒಬ್ಬಳೇ, ಮುಂದೆ ಗಾಳಿ ತಡೆಯುವವರು ಯಾರೂ ಇಲ್ಲ, ಮೂವತ್ತನಾಲ್ಕು ನಿಮಿಷದೊಳಗೆ ಮುಗಿಸಿದರೆ ತಂಡದಲ್ಲಿ ಜಾಗ, ಹೋದ ವರ್ಷ ಹನ್ನೊಂದು ಸೆಕೆಂಡಿಗೆ ಕೈತಪ್ಪಿತು, ಹನ್ನೊಂದೇ ಹನ್ನೊಂದು, ಒಂದು ಗುಂಡಿ ಹೊಲಿಯುವುದಕ್ಕೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು, ಮುಂದಿನ ವರ್ಷ ವಯಸ್ಸು ಮೀರುತ್ತದೆ, ಆಮೇಲೆ ಯಾರೂ ಕರೆಯುವುದಿಲ್ಲ, ಹೊಲಿಗೆ ಅಂಗಡಿ, ಪ್ಯಾಂಟಿನ ಅಂಚು, ಅಷ್ಟೇ. ಇದೇ ಕೊನೆ. ತುಳಿ. ಗಂಡ ಎರಡು ವಾರ ರಿಪೇರಿ ಅಂಗಡಿಯ ಬಾಗಿಲು ಬೇಗ ಹಾಕಿ ಅವಳನ್ನು ಸೈಕಲ್ ಮೇಲೆ ಕೂರಿಸಿ, ಮೊಣಕಾಲಿನಿಂದ ಗುಂಡು ಕಟ್ಟಿದ ದಾರ ಇಳಿಬಿಟ್ಟು ಅಳೆದಿದ್ದ, ಸೀಟು ಒಂದು ಗೆರೆ ಹಿಂದೆ, ಇನ್ನರ್ಧ ಗೆರೆ ಮೇಲೆ, ಈಗ ತುಳಿ, ಈಗ ಉಸಿರು ಬಿಡು, ಹೊಟ್ಟೆಯಿಂದ ಬಿಡು ಮಹಾರಾಯ್ತಿ ಎದೆಯಿಂದಲ್ಲ, ಹ್ಯಾಂಡಲ್ ಇಷ್ಟೇ ಎತ್ತರ ಇರ್ಲಿ, ಇನ್ನೂ ಇಳಿಸಿದ್ರೆ ತೊಡೆ ಹೊಟ್ಟೆಗೆ ಒದೆಯುತ್ತೆ, ಗಾಳಿ ಉಳಿಸೋಕೆ ಹೋಗಿ ಉಸಿರು ಕಳ್ಕೋತೀಯ. ಸರಿ ಅಂದಿದ್ದಳು. ಬಾಯಲ್ಲಿ ಸರಿ. ಇವತ್ತು ಅವನು ಸ್ಟಾಪ್‌ವಾಚ್ ಹಿಡಿದು ಅರ್ಧದಾರಿಯ ತಿರುವಿಗೆ ಮೊದಲೇ ಹೋದ ಮೇಲೆ, ಹೊರಡುವ ಜಾಗದಲ್ಲಿ ಆ ನರ್ಸಿನ ಸೈಕಲ್ ಗೋಡೆಗೆ ಒರಗಿತ್ತು, ಹೋದ ಸಲ ಗೆದ್ದವಳು, ಅವಳ ಹ್ಯಾಂಡಲ್ ಎಷ್ಟು ಕೆಳಗಿದೆ ನೋಡು, ಅದಕ್ಕೇ ಗೆಲ್ತಾಳೆ, ಯಾರದೋ ತಿರುಪು ಬಿಚ್ಚುವ ಕೀಲಿ ಈಸಿಕೊಂಡು ಹ್ಯಾಂಡಲಿನ ಕೆಳಗೆ ಅದನ್ನು ಎತ್ತರಿಸಿ ಹಿಡಿದಿದ್ದ ಮೂರು ಕಪ್ಪು ಉಂಗುರಗಳನ್ನು ತೆಗೆದು ಮೇಲಕ್ಕೆ ಹಾಕಿ, ಎರಡು ಬೆರಳು ಇಳಿಸಿ ಬಿಗಿದುಬಿಟ್ಟಳು, ಕಳ್ಳತನ ಮಾಡಿದ ಹಾಗೆ.

ಮೊದಲ ಐದು ಕಿಲೋಮೀಟರು ಆಹಾ ಎಂಥ ಓಟ, ಕಿವಿಯ ಹತ್ತಿರ ಗಾಳಿಯ ಸದ್ದೇ ಇಲ್ಲ, ನೋಡಿದಿರಾ ಯಜಮಾನರೇ ಎಂದು ಮನಸ್ಸಿನಲ್ಲೇ ಹಲ್ಲು ಕಿರಿದಳು, ಆರನೆಯದರಲ್ಲಿ ತೊಡೆ ಹೊಟ್ಟೆಗೆ ತಗುಲಿತು, ಪ್ರತಿ ತುಳಿತಕ್ಕೂ ಒಂದು ಗುದ್ದು, ಉಸಿರು ಗಂಟಲಲ್ಲೇ ನಿಂತು ವಾಪಸ್ಸು, ಇರಲಿ, ತಡೆದುಕೋ, ಅಂಗಡಿಗೆ ಬರುವ ಹೆಂಗಸರು ಪಕ್ಕದ ಮನೆಯವಳ ಅಂಗಿ ತಂದು ಇದೇ ಅಳತೆಗೆ ಹೊಲೀರಿ ಅನ್ನುತ್ತಾರಲ್ಲ, ಅವರ ಮೈ ಬೇರೆ ನಿಮ್ಮ ಮೈ ಬೇರೆ ಅಮ್ಮಾ ಎಂದು ಇಪ್ಪತ್ತು ವರ್ಷದಿಂದ ನಗುತ್ತಾ ಹೇಳಿದವಳು, ಥೂ, ಆ ನರ್ಸಿಗೆ ಕೊಕ್ಕರೆಯ ಕಾಲು, ಮಾರುದ್ದ ತೋಳು, ತನಗೇನಿದೆ — ತಿರುವು ಬಂತು, ಅಗೋ ಗಂಡ, ಬೇಲಿಯ ಪಕ್ಕ, ಎಷ್ಟು ಸೆಕೆಂಡು ಮುಂದೆ ಎಷ್ಟು ಹಿಂದೆ ಕೂಗಿ ಹೇಳುತ್ತೇನೆ ಅಂದಿದ್ದ, ಬಾಯಿ ತೆರೆದಿದ್ದ, ಕೂಗಲಿಲ್ಲ, ಕಣ್ಣು ಅವಳ ಮುಖದ ಮೇಲಿಲ್ಲ, ಹ್ಯಾಂಡಲ್ ಮೇಲೆ, ಮೇಲಕ್ಕೆ ಬಂದು ಕೂತ ಆ ಮೂರು ಉಂಗುರಗಳ ಮೇಲೆ, ವಾಚಿನ ಗುಂಡಿಯ ಮೇಲಿದ್ದ ಹೆಬ್ಬೆರಳು ಒತ್ತಲೇ ಇಲ್ಲ.

ಈಗ ಗಾಳಿ ಎದುರಿಗೆ, ಬೈದಿದ್ದರೆ ಚೆನ್ನಾಗಿತ್ತು, ಅಯ್ಯೋ ನಿನ್ನ ಎಂದು ಒಂದು ಸಲ ಕಿರುಚಿದ್ದರೆ ಸಾಕಿತ್ತು, ಹೆಬ್ಬೆರಳು ಹಾಗೇ ನಿಂತಿತಲ್ಲ, ಎಣಿಸುವುದೇ ಬೇಡ ಎನ್ನುವಂತೆ, ತುಳಿ, ಉಸಿರಿಲ್ಲ, ಕಣ್ಣಿಗೆ ಬೆವರು, ತಡೆಯಲಾರದೆ ಎದ್ದು ನೆಟ್ಟಗೆ ಕೂತಳು, ಅಬ್ಬಾ ಉಸಿರು ಬಂತು, ಆದರೆ ಗಾಳಿ ಎದೆಗೇ ಕೈಯಿಟ್ಟು ತಳ್ಳುತ್ತದೆ, ಮತ್ತೆ ಬಗ್ಗು, ಮತ್ತೆ ಗುದ್ದು, ಮತ್ತೆ ಏಳು, ಅವನು ಕೂರಿಸಿದ ಎತ್ತರದಲ್ಲಿ ಇವೆರಡೂ ಒಟ್ಟಿಗೇ ಸಿಗುತ್ತಿದ್ದವು, ಮೈ ಸಣ್ಣದು, ಉಸಿರು ದೊಡ್ಡದು, ಹಿಂದಿನಿಂದ ಸುಂಯ್ ಎನ್ನುವ ಸದ್ದು, ಸರದಿಯಂತೆ ಅವಳಿಗಿಂತ ಒಂದು ನಿಮಿಷ ಬಿಟ್ಟು ಹೊರಟ ನರ್ಸು, ಬೆನ್ನ ಮೇಲೆ ಲೋಟ ಇಟ್ಟರೂ ಚೆಲ್ಲದು, ಇನ್ನು ಸ್ವಲ್ಪಾನೇ ಅಕ್ಕಾ, ಬಿಡಬೇಡಿ, ಎನ್ನುತ್ತಾ ದಾಟಿಯೇ ಹೋದಳು, ಮಾತಾಡುವಷ್ಟು ಉಸಿರು ಅವಳಲ್ಲಿ, ಹೊಟ್ಟೆ ಉರಿಯಿತು, ಉರಿಯಲಿ, ತುಳಿ, ಬಿಳಿ ಗೆರೆ, ದಾಟಿದಳು.

ಮೂವತ್ತನಾಲ್ಕು ನಿಮಿಷ ನಾಲ್ಕು ಸೆಕೆಂಡ್, ಮುಂದಿನವರು, ಎಂದರು ಸಮಯ ಬರೆದುಕೊಳ್ಳುತ್ತಿದ್ದ ಟೋಪಿಯ ಗುಮಾಸ್ತರು, ತಲೆ ಎತ್ತದೆ. ನಾಲ್ಕು. ಹುಲ್ಲಿನ ಮೇಲೆ ಬಿದ್ದುಕೊಂಡಿದ್ದಾಳೆ, ಸ್ಕೂಟರ್ ನಿಂತ ಸದ್ದು, ಗಂಡನ ಚಪ್ಪಲಿ, ಸಮಯ ಎಷ್ಟಾಯಿತು ಎಂದು ಅವನು ಕೇಳುವುದಿಲ್ಲ, ಕುಕ್ಕರುಗಾಲಲ್ಲಿ ಕೂತು ನೀರಿನ ಬಾಟಲಿಯ ಮುಚ್ಚಳ ತೆಗೆದು ಕೊಡುತ್ತಾನೆ, ಮೆತ್ತಗೆ ಕೇಳುತ್ತಾನೆ, ನಾನು ತಗೊಂಡ ಅಳತೆ ತಪ್ಪಿತ್ತಾ? ಇಲ್ಲ ಅನ್ನಬೇಕು, ನೀನಲ್ಲ ನಾನೇ, ಆ ನರ್ಸನ್ನು ನೋಡಿ ನಾನೇ — ನಾಲ್ಕು ಸೆಕೆಂಡು ಹೋದರೆ ಹಾಳಾಗಿ ಹೋಗಲಿ, ತಂಡವೂ ಹೋಗಲಿ, ಏನಾದರೂ ಹೇಳು, ಹೇಳೇ, ಆದರೆ ಮನಸ್ಸು ಬೇಲಿಯ ಪಕ್ಕವೇ ನಿಂತುಬಿಟ್ಟಿದೆ, ಅಲ್ಲಿ ಆ ಹೆಬ್ಬೆರಳು, ಗುಂಡಿಯ ಮೇಲೆ, ಒತ್ತದೆ