ಪುಸ್ತಕದಾಗಿನ ಆಕಿ

ಗೌರಾಬಾಯಿ ಗೋಡೆಯ ಮಾಡದಲ್ಲಿದ್ದ ಪುಸ್ತಕಗಳನ್ನು ಬಾಚಿ ತಂದು ಗಂಡನ ಹೆಣದ ಕಾಲ ಬಳಿ ದಬ್ಬನೆ ಹಾಕಿದಳು. ಗೋಡೆಗೆ ಒರಗಿಸಿ ಕೂರಿಸಿದ್ದ ಧರ್ಮಣ್ಣನ ಮಡಿಲಿನ ಹೂವಿನ ಮೇಲೆ ಧೂಳು ಕೂತಿತು.

“ಇವನ್ನೂ ಕುಣ್ಯಾಗ ಇಡ್ರಿ.”

“ಹುಚ್ಚು ಹಿಡೀತೇನ ಬೇ?” ಎಂದಳು ನೆರೆಮನೆಯ ತುಳಜಾಬಾಯಿ. “ಕುಣ್ಯಾಗ ಪುಸ್ತಕ ಯಾರರ ಇಡ್ತಾರೇನು?”

“ಜೀವ ಇದ್ದಾಗ ಇವನ್ನ ಬಿಡಲಿಲ್ಲ. ಸವತಿ ಕೂಡೇ ಹೋಗಲಿ.”

ಬಾಗಿಲಲ್ಲಿ ನಿಂತಿದ್ದ ನಾಗಣ್ಣ ಒಳಗೆ ಬಂದ. ಧರ್ಮಣ್ಣನ ಗೆಳೆಯ. ಕರಜಗಿಯಿಂದ ಹೊಳೆ ದಾಟಿ ಇಂಗ್ರೇಜರ ಸೀಮೆಯ ಸಂತೆಗೆ ಹೋದಾಗಲೆಲ್ಲ ಧಾರವಾಡದ ಪುಸ್ತಕ ತಂದುಕೊಡುತ್ತಿದ್ದವನು ಅವನೇ. ನಿಜಾಮರ ಈ ದಂಡೆಯಲ್ಲಿ ಕನ್ನಡ ಪುಸ್ತಕ ಸಿಗುವುದೇ ಕಷ್ಟ. ಯುದ್ಧ ಶುರುವಾದ ಮೇಲೆ ಕಾಗದ ತುಟ್ಟಿಯಾಗಿ ಪುಸ್ತಕಗಳೂ ಬಡಕಲಾಗಿದ್ದವು.

“ವೈನಿ, ಮಣ್ಣುಪಾಲು ಮಾಡಬ್ಯಾಡ್ರಿ, ನನಗರ ಕೊಡ್ರಿ. ಎರಡು ವರ್ಷದಿಂದ ಕೇಳಾಕತ್ತೇನಿ. ‘ಇನ್ನ ಓದಾಕತ್ತೇನೋ’ ಅಂತಿದ್ದ. ಜಿಪುಣ, ಒಂದೂ ಕೊಡಲಿಲ್ಲ.”

“ಹ್ಯಾಂಗ ಕೊಡ್ತಾರ? ಒಳಗ ಆಕಿ ಅದಾಳಲ್ಲ!”

“ಯಾವಾಕಿ?”

*

ಧರ್ಮಣ್ಣ ಇದ್ದಾಗ ಗೌರಾಬಾಯಿ ದಿನಾ ಸಂಜೆ ಜೋಳ ಬೀಸುತ್ತ ಹಾಡುತ್ತಿದ್ದಳು. ಅವನು ಎದುರಿನ ಕಂಬಕ್ಕೆ ಒರಗಿ ಪುಸ್ತಕ ಹಿಡಿದು ಕೂತಿರುತ್ತಿದ್ದ. ನೀರಿನ ತಂಬಿಗೆ ಮುಂದಿಟ್ಟರೂ ತಡವಿ ತಡವಿ ಹಿಡಿಯುತ್ತಿದ್ದ. ಪುಸ್ತಕದಿಂದ ಕಣ್ಣು ತೆಗೆಯಲೊಲ್ಲ ಎಂದು ಅವಳಿಗೆ ಸಿಟ್ಟು.

ಒಂದು ಸಂಜೆ ಕೇಳಿಯೇಬಿಟ್ಟಳು. “ಏನೈತ್ರಿ ಅದ್ರಾಗ?”

“ಒಬ್ಬಾಕಿ ಅದಾಳ. ಬೀಸಿಕೋತ ಕುಂತಾಳ. ಏನ್ ಛಂದ ಹಾಡ್ತಾಳ ಅಂತೀ!”

ಹೇಳಿ ನಕ್ಕ. ಮದುವೆಯ ಹೊಸತರಲ್ಲಿ ನಕ್ಕ ಹಾಗೆ. ಗೌರಾಬಾಯಿಗೋ ಅಕ್ಷರ ಬಾರದು. ಆಕೆ ಅಕ್ಷರದೊಳಗೇ ಮನೆ ಮಾಡಿ ಕೂತಿದ್ದಾಳೆ. ಮರುದಿನದಿಂದ ಅವಳು ಹಲ್ಲು ಕಚ್ಚಿ ಬೀಸಿದಳು. ಹಾಡಲಿಲ್ಲ.

ವಾರ ಕಳೆದ ಮೇಲೆ ಕೊಂಕು ತೆಗೆದಳು. “ಹ್ಯಾಂಗದಾಳ್ರಿ ನಿಮ್ಮಾಕಿ?”

“ಸುಮ್ಮನಾಗ್ಯಾಳ ಗೌರಾ. ಯಾಕೋ ಹಾಡವಲ್ಲಳು.”

“ಸಾಯಲಿ!” ಎಂದು ಕಲ್ಲನ್ನು ಇನ್ನೂ ಜೋರಾಗಿ ತಿರುಗಿಸಿದಳು.

*

“ಹೂಳೂಕಿಂತ ಮೊದಲ ಆಕೀನ್ನ ನನಗ ಓದಿ ಹೇಳ್ರಿ,” ಎಂದಳು ಗೌರಾಬಾಯಿ. “ಅದೇನು ಹಾಡ್ತಾಳೋ, ಕೇಳೇಬಿಡ್ತೇನಿ.”

ನಾಗಣ್ಣ ಮೇಲಿನ ಪುಸ್ತಕ ಎತ್ತಿಕೊಂಡ. ಬಿಡಿಸಲು ಹೋದರೆ ಬರಲಿಲ್ಲ. ಅಚ್ಚಿನ ಮನೆಯಿಂದ ಬಂದ ಹಾಗೆಯೇ ಹಾಳೆಗಳು ಅಂಚಿನಲ್ಲಿ ಕೂಡಿಕೊಂಡಿದ್ದವು. ಓದುವವರೇ ಚಾಕುವಿನಿಂದ ಸೀಳಿಕೊಳ್ಳಬೇಕು. ಇನ್ನೊಂದು ಎತ್ತಿದ. ಅದೂ ಹಾಗೆಯೇ.

“ಸೀಳೇ ಇಲ್ಲ ವೈನಿ. ನಾ ತಂದುಕೊಟ್ಟಾಗ ಹ್ಯಾಂಗಿದ್ವೋ ಹಂಗೇ ಅದಾವ.” ಅವನು ಗೆಳೆಯನ ಮುಚ್ಚಿದ ಕಣ್ಣುಗಳನ್ನು ನೋಡಿದ. “ಕಣ್ಣಿಗೆ ಪೊರಿ ಬಂದಿತ್ತೇನ್ರಿ ಇವಗ?”

ತಂಬಿಗೆಗಾಗಿ ತಡವುತ್ತಿದ್ದ ಕೈ ಗೌರಾಬಾಯಿಯ ಕಣ್ಣ ಮುಂದೆ ಬಂತು.

“ಚಾಕು ತರಿಸ್ರಿ ವೈನಿ, ಸೀಳಿ ಓದ್ತೇನಿ.”

“ಬ್ಯಾಡ್ರಿ. ಆಕಿ ಅದ್ರಾಗ ಇಲ್ಲ. ಎಲ್ಲಾ ನೀವ ಒಯ್ರಿ.”

ಹೊರಗೆ ಭಜನೆಯವರು ತಾಳ ಎತ್ತಿಕೊಂಡರು. ಗೌರಾಬಾಯಿ ಗಂಡನ ಪಕ್ಕ ಕೂತು, ಅವನ ಕಿವಿಯ ಹತ್ತಿರ ಬಾಗಿ, ಸಣ್ಣ ದನಿಯಲ್ಲಿ ಶುರು ಮಾಡಿದಳು.

“ಏ ಗೌರಾ, ಇದು ಬೀಸೂ ಹಾಡು ಬೇ! ಅಳೂ ಹಾಡಲ್ಲ,” ತುಳಜಾಬಾಯಿ ಭುಜ ಹಿಡಿದು ಅಲುಗಿಸಿದಳು.

ಅವಳು ನಿಲ್ಲಿಸಲಿಲ್ಲ. ಅವಳ ಬಲಗೈ ಬರಿ ನೆಲದ ಮೇಲೆ ಸುತ್ತುತ್ತಲೇ ಇತ್ತು.