ಮರೆತನು ಎಂಬ ಪದ

ನಮ್ಮಪ್ಪ ನಾಡಿಗೆಲ್ಲ ನಾಯಕರು. ಚಳವಳಿ ಮಾಡಿ ಜೈಲು ಸೇರಿದ ಅವರು ಅಲ್ಲೇ ತೀರಿಕೊಂಡಾಗ ನನಗೆ ಐದು ವರ್ಷ. ಜನ ಅವರನ್ನು ಇಂದಿಗೂ ತಲೆಯ ಮೇಲೆ ಹೊತ್ತು ಮೆರೆಸುತ್ತಾರೆ. ನನಗೆ ಅವರ ಮುಖ ನೆನಪಿಲ್ಲ, ನೆನಪಿಸಿಕೊಳ್ಳುವ ಉಮೇದೂ ಇರಲಿಲ್ಲ. ಹೆತ್ತ ಮಗಳನ್ನು ತಿರುಗಿಯೂ ನೋಡದವರ ಮೇಲೆ ಎಲ್ಲಿಂದ ಪ್ರೀತಿ ತರಲಿ?

ಈ ವರ್ಷ ಅವರ ಪ್ರತಿಮೆಯ ಅನಾವರಣಕ್ಕೆಂದು ಸಮಿತಿಯವರು ಕವಿಗಳೊಬ್ಬರಿಂದ ಪದ್ಯ ಬರೆಸಿದರು. ನಾನು ಶಾಲೆಯಲ್ಲಿ ಸಂಗೀತದ ಟೀಚರ್. ಮಗಳೇ ಹಾಡಿದರೆ ಕಳೆ ಕಟ್ಟುತ್ತದೆ ಎಂದು ಅದನ್ನು ನನ್ನ ಕೊರಳಿಗೆ ಕಟ್ಟಿದರು. ಪದ್ಯದ ತುಂಬ ಸೂರ್ಯ, ಸಿಂಹ, ಸಾಗರ; ಒಬ್ಬ ಮನುಷ್ಯನಿಗೆ ಅಷ್ಟೆಲ್ಲ ಆಗಲು ಪುರುಸೊತ್ತು ಎಲ್ಲಿತ್ತೋ! ಒಂದು ಸಾಲು ಮಾತ್ರ ನನಗೆ ಹಿಡಿಸಿತು:

ಮಡದಿಯ ಮರೆತನು, ಮಕ್ಕಳ ಮರೆತನು, ನಾಡನು ಮರೆಯದ ಧೀರ.

ಅಂತೂ ಒಬ್ಬರಾದರೂ ನಿಜ ಬರೆದರು ಎಂದುಕೊಂಡೆ.

ಸಮಾರಂಭದ ಹಿಂದಿನ ದಿನ ಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದೆ. ಅಮ್ಮ ಕಿಟಕಿಯ ಬೆಳಕಿಗೆ ಕೂತು ನನ್ನ ರವಿಕೆಗೆ ಗುಂಡಿ ಹೊಲಿಯುತ್ತಿದ್ದಳು.

"ಆ ಸಾಲು ಹಾಡ್ಬೇಡ ಕಣೆ," ಎಂದಳು.

"ಯಾಕಮ್ಮ? ಇರೋದನ್ನೇ ಬರ್ದಿದಾರೆ."

"ಇಲ್ಲ. ಅವ್ರು ಮರೀಲಿಲ್ಲ."

ನನಗೆ ರೇಗಿತು. "ನೀನಂತೂ ಅವ್ರನ್ನ ಬಿಟ್ಕೊಡಲ್ಲ. ಮರೀದೆ ಇದ್ದೋರು ಒಂದ್ಸಲನಾದ್ರೂ ನನ್ನ ಮುಖ ನೋಡಿದ್ರಾ?"

ಅಮ್ಮ ಸೂಜಿ ಕೆಳಗಿಟ್ಟಳು.

"ಕ್ಷಮಾಪಣೆ ಪತ್ರಕ್ಕೆ ಸಹಿ ಹಾಕಿದ್ರೆ ಮನೆಗೆ ಬಿಡ್ತೀವಿ ಅಂತ ಸರ್ಕಾರದೋರು ಅಂದಿದ್ರು. ಅವ್ರ ಮನಸ್ಸು ಕರಗ್ಲಿ ಅಂತ ಜೈಲಿನೋರೇ ನಮ್ಮಿಬ್ರನ್ನೂ ಕರ್ಕೊಂಡು ಹೋದ್ರು. ನೀನು ನನ್ನ ಸೊಂಟದ ಮೇಲೆ ಕೂತು ಅಪ್ಪಾ ಅಪ್ಪಾ ಅಂತಿದ್ದೆ. ಅವ್ರು ಗೋಡೆ ಕಡೆ ತಿರುಗಿ ನಿಂತ್ರು. ನಂಗೂ ಹೊಟ್ಟೆ ಉರೀತು. ಮಗು ಮುಖ ಒಂದ್ಸಲ ನೋಡ್ರೀ ಅಂತ ಗೋಗರೆದೆ. 'ನೋಡಿದ್ರೆ ಸಹಿ ಹಾಕ್ಬಿಡ್ತೀನಿ ಕಣೆ' ಅಂದ್ರು. ಅವ್ರ ಬೆನ್ನು ಗಡಗಡ ನಡುಗ್ತಿತ್ತು."

ಅವಳ ಪಕ್ಕ ಹೋಗಿ ಕೂತು ಕೇಳಿದೆ: "ನಂಗ್ಯಾಕೆ ಹೇಳ್ಲಿಲ್ಲ?"

"ಯಾರಿಗೂ ಹೇಳ್ಬೇಡ ಅಂತ ಮಾತು ತಗೊಂಡಿದ್ರು. ಹೊರಗಡೆ ಜನ ಅವ್ರ ಧೈರ್ಯ ನಂಬ್ಕೊಂಡೇ ನಿಂತಿದ್ರಲ್ಲ. ಆಮೇಲೆ ನಿನ್ನ ಸಿಟ್ಟು ನೋಡಿ ಎಷ್ಟೋ ಸಲ ಮಾತು ನಾಲಿಗೆ ತುದಿಗೆ ಬಂದಿತ್ತು."

ಕವಿಗಳಿಗೆ ಫೋನ್ ಮಾಡಿ ಪದ ಬದಲಿಸಿ ಎಂದೆ. "ಪೀಠದ ಕಲ್ಲಿನ ಮೇಲೆ ಕೆತ್ಸಿ ಆಗಿದೆ ಮೇಡಂ. ಮನೆಯವರನ್ನ ಮರೆಯೋದೇ ಅಲ್ವಾ ತ್ಯಾಗ?" ಎಂದು ನಕ್ಕರು. ಮರೆತವನಿಗೆ ಬಿಟ್ಟುಕೊಡುವುದು ಏನು ಕಷ್ಟ ಸ್ವಾಮಿ ಎಂದು ಕೇಳಬೇಕೆನಿಸಿತು. ಕೇಳಿದರೆ ಎಲ್ಲವನ್ನೂ ಹೇಳಬೇಕಾಗುತ್ತಿತ್ತು. ಫೋನ್ ಇಟ್ಟೆ.

ಮರುದಿನ ಮೈದಾನ ಕಿಕ್ಕಿರಿದಿತ್ತು. ಸೂರ್ಯ, ಸಿಂಹಗಳನ್ನೆಲ್ಲ ದಾಟಿ ಆ ಸಾಲಿಗೆ ಬಂದೆ. ಹಾಡಿದೆ:

ಮಡದಿಯ ಮರೆಯದ, ಮಕ್ಕಳ ಮರೆಯದ, ನಾಡನು ಮರೆಯದ ಧೀರ.

ತಾಳ ತಪ್ಪಲಿಲ್ಲ. ಜನ ಜೋರಾಗಿ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿದ್ದ ಅಮ್ಮ ಮಾತ್ರ ಸೆರಗು ಬಾಯಿಗೊತ್ತಿಕೊಂಡು ಕೂತಿದ್ದಳು.

ಕೆಳಗಿಳಿದು ಅವಳ ಪಕ್ಕಕ್ಕೆ ಬರುವಷ್ಟರಲ್ಲಿ ಕವಿಗಳು ಮುಖ ಊದಿಸಿಕೊಂಡು ಬಂದರು. "ಏನು ಮೇಡಂ, ಅರ್ಥಾನೇ ಉಲ್ಟಾ ಮಾಡ್ಬಿಟ್ರಲ್ಲ! ಸ್ವಂತ ಅಪ್ಪನ ಮೇಲಿನ ಪದ್ಯ, ಒಂದು ಪದ ನೆನಪಿಟ್ಕೊಳ್ಳೋಕೆ ಆಗ್ಲಿಲ್ವಾ?"

ಅಮ್ಮನ ಮುಖ ನೋಡಿದ್ದರೆ ಎಲ್ಲ ಹೇಳಿಬಿಡುತ್ತಿದ್ದೆ. ನೋಡಲಿಲ್ಲ.

"ಮರೆತುಹೋಯ್ತು ಸರ್," ಎಂದೆ.